ನುಸಿ ಗೂಡಿನಲ್ಲಿ, ಹೇನು ಗರಿಯಲ್ಲಿ

ಆಟಿ ತಿಂಗಳ ಸಂಜೆ ಕೋಳಿಗಳು ತಾವಾಗಿಯೇ ಗೂಡು ಸೇರಬೇಕು. ಹೊರಗೆ ಜಡಿಮಳೆ, ಒಳಗೆ ಒಣಗಿದ ಜಾಗ. ಅಂಥ ಹೊತ್ತಿನಲ್ಲೂ ಒಂದು ಹೇಂಟೆ ಗೂಡಿನ ಬಾಗಿಲವರೆಗೆ ಬಂದು, ಕತ್ತು ಚಾಚಿ ನೋಡಿ, ಹಿಂದೆ ಸರಿದು, ಹಲಸಿನ ಮರದ ಕೊಂಬೆ ಹತ್ತಿ ನೆನೆಯುತ್ತಾ ಕುಳಿತರೆ ಮನೆಯವರು ಅದನ್ನು ಸೊಕ್ಕು ಎಂದುಕೊಳ್ಳುತ್ತಾರೆ. ಕೋಲು ಹಿಡಿದು ಓಡಿಸಿ, ಒಳಗೆ ದಬ್ಬಿ, ಬಾಗಿಲು ಹಾಕಿ ಚಿಲಕ ಸಿಕ್ಕಿಸುತ್ತಾರೆ. ಹದಿನೈದು ದಿನ ಕಳೆದ ಮೇಲೆ ಮೊಟ್ಟೆ ನಿಂತಿರುತ್ತದೆ, ಕೆಂಪಗಿದ್ದ ಜುಟ್ಟು ಬಿಳಿಚಿರುತ್ತದೆ, ಒಂದೆರಡು ಮರಿ ಸತ್ತಿರುತ್ತವೆ. ಆಗ ಎಲ್ಲರ ಬಾಯಲ್ಲೂ ಬರುವ ಹೆಸರು ಕೊಕ್ಕರೆ ರೋಗ. ನಮ್ಮ ಹಿತ್ತಲುಗಳಲ್ಲಿ ಯಾವ ಕೋಳಿ ಸತ್ತರೂ ಹೊಣೆ ಹೊರುವುದು ಆ ರೋಗವೇ. ಕೊಕ್ಕರೆ ರೋಗ ನಿಜಕ್ಕೂ ಭಯಂಕರ, ಲಸಿಕೆ ಹಾಕಿಸಲೇಬೇಕು. ಆದರೆ ಗೂಡಿಗೆ ಹೋಗಲು ಒಲ್ಲದ ಹೇಂಟೆ ಹೇಳುತ್ತಿರುವ ಕಥೆ ಬೇರೆ. ಆ ಗೂಡಿನೊಳಗೆ ರಾತ್ರಿಯಿಡೀ ಅದರ ರಕ್ತ ಕುಡಿಯುವ ಜೀವಿಗಳಿವೆ.

ಕೋಳಿಯ ಮೈಗೆ ಬೀಳುವ ಕೀಟಗಳನ್ನೆಲ್ಲ ನಾವು ಒಟ್ಟಾಗಿ ಹೇನು ಎಂದುಬಿಡುತ್ತೇವೆ. ಔಷಧಿಯನ್ನೂ ಹಾಗೆಯೇ ಒಟ್ಟಾಗಿ ಹಾಕುತ್ತೇವೆ. ಹೆಚ್ಚಿನ ಹಿತ್ತಲುಗಳಲ್ಲಿ ಸೋಲು ಶುರುವಾಗುವುದು ಅಲ್ಲೇ. ಕೆಲವು ಕೀಟಗಳು ಹುಟ್ಟಿನಿಂದ ಸಾವಿನವರೆಗೆ ಕೋಳಿಯ ಮೈಯಲ್ಲೇ ಇರುತ್ತವೆ. ಇನ್ನು ಕೆಲವು ಹಗಲೆಲ್ಲ ಗೂಡಿನ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ಕೋಳಿಯ ಮೈಗೆ ಏರಿ ಹೋಗುತ್ತವೆ. ಮೈಯಲ್ಲಿರುವುದಕ್ಕೆ ಗೂಡು ತೊಳೆದು ಪ್ರಯೋಜನವಿಲ್ಲ. ಗೂಡಿನಲ್ಲಿರುವುದಕ್ಕೆ ಕೋಳಿಯ ಮೈಗೆ ಎಷ್ಟು ಪುಡಿ ಉಜ್ಜಿದರೂ ಮೂರು ದಿನಕ್ಕೆ ಮೊದಲಿನಂತೆಯೇ. ಆದ್ದರಿಂದ ಔಷಧಿ ಯಾವುದು ಎಂದು ಕೇಳುವ ಮೊದಲು ಅದು ಎಲ್ಲಿ ವಾಸವಾಗಿದೆ ಎಂದು ಹುಡುಕಬೇಕು. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಉಡುಪಿ ಜಿಲ್ಲೆಯ ಹವೆ ಈ ಕೀಟಗಳಿಗೆ ಹೇಳಿ ಮಾಡಿಸಿದಂತಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಘಟ್ಟದ ಬುಡದಲ್ಲಿರುವ ಕಾರ್ಕಳದಲ್ಲಿ ಅದಕ್ಕಿಂತಲೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಉಷ್ಣಾಂಶ 25ರಿಂದ 30 ಡಿಗ್ರಿಯ ನಡುವೆ ಇದ್ದು, ತೇವ ತುಂಬಿದ್ದರೆ ನುಸಿಗಳು ಅತಿ ವೇಗವಾಗಿ ಬೆಳೆಯುತ್ತವೆ. ನಮ್ಮ ಮಳೆಗಾಲವೆಂದರೆ ಹೆಚ್ಚುಕಡಿಮೆ ಅದೇ. ಮೇಲಿಂದ ನಮ್ಮ ಗೂಡುಗಳ ರಚನೆಯೂ ಅವುಗಳಿಗೆ ಅನುಕೂಲ. ಅಡಿಕೆ ಸಲಾಕೆಗಳನ್ನು ಹಗ್ಗದಿಂದ ಬಿಗಿದ ಗೂಡಿನಲ್ಲಿ ಪ್ರತಿ ಗಂಟಿನ ಅಡಿಯಲ್ಲೂ ಒಂದು ಸಂದು. ಕಾರ್ಕಳ, ಹೆಬ್ರಿ ಕಡೆ ಮುರಕಲ್ಲು ಕಟ್ಟಿ ಮೇಲೆ ಹೆಂಚು ಹೊದೆಸಿದ ಗೂಡುಗಳಿವೆ. ನರಿ, ಕಾಡುಬೆಕ್ಕುಗಳಿಂದ ರಕ್ಷಣೆಗೆ ಅದಕ್ಕಿಂತ ಭದ್ರವಾದದ್ದಿಲ್ಲ. ಆದರೆ ಗಿಲಾಯಿ ಮಾಡದ ಮುರಕಲ್ಲಿನ ಮೈತುಂಬ ತೂತುಗಳು, ಒಂದೊಂದು ತೂತೂ ನೂರಾರು ನುಸಿಗಳಿಗೆ ಹಗಲಿನ ಮನೆ.

ಆ ತೂತುಗಳಲ್ಲಿ ಇರುವುದು ಕೆಂಪು ನುಸಿ. ಶಾಸ್ತ್ರೀಯ ಹೆಸರು ಡರ್ಮನಿಸಸ್ ಗ್ಯಾಲಿನೇ. ಸ್ವೀಡನ್ನಿನ ಡೆ ಗೀರ್ 1778ರಲ್ಲೇ ಇದನ್ನು ವಿವರಿಸಿದ್ದಾನೆ. ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಹಸಿದಾಗ ಬೂದು ಬಣ್ಣ, ರಕ್ತ ಕುಡಿದ ಮೇಲೆ ಕೆಂಪು, ಅದು ಜೀರ್ಣವಾಗುತ್ತ ಕಪ್ಪು. ಎಂಟು ಕಾಲಿರುವ ಇದು ಕೀಟಕ್ಕಿಂತ ಜೇಡನಿಗೆ ಹತ್ತಿರದ ಸಂಬಂಧಿ. ನಮ್ಮ ತೆಂಗಿನ ತೋಟಗಳನ್ನು ಕಾಡಿದ ನುಸಿಪೀಡೆಯೂ ಇದೇ ದೊಡ್ಡ ಬಳಗದ್ದು. ಕತ್ತಲಾದ ಮೇಲೆ ಸಂದಿನಿಂದ ಹೊರಟು, ಕೂರುವ ಕೋಲಿನ ಮೇಲೆ ನಡೆದು, ಕೋಳಿಯ ಕಾಲು ಹಿಡಿದು ಮೇಲೇರಿ, ಅರ್ಧ ಗಂಟೆಯಿಂದ ಒಂದು ಗಂಟೆ ರಕ್ತ ಕುಡಿದು, ಬೆಳಗಾಗುವ ಮೊದಲು ಮತ್ತೆ ಸಂದಿಗೆ ಮರಳುತ್ತದೆ. ಒಂದು ಸಲ ಹೊಟ್ಟೆ ತುಂಬಿದ ಹೆಣ್ಣು ನಾಲ್ಕರಿಂದ ಎಂಟು ಮೊಟ್ಟೆ ಇಡುತ್ತದೆ, ಅದೂ ಸಂದಿನಲ್ಲೇ. ಬೆಚ್ಚಗಿನ ತೇವದಲ್ಲಿ ಮೊಟ್ಟೆಯಿಂದ ಮತ್ತೊಂದು ಮೊಟ್ಟೆಯಿಡುವ ನುಸಿಯಾಗಲು ಏಳರಿಂದ ಹತ್ತು ದಿನ ಸಾಕು. ಕೋಳಿಯನ್ನೆಲ್ಲ ಮಾರಿ ಗೂಡು ಖಾಲಿ ಬಿಟ್ಟರೆ ನುಸಿ ಸಾಯುತ್ತದೆ ಎಂದು ನಂಬುವವರಿದ್ದಾರೆ. ತಂಪಾದ, ತೇವದ ಜಾಗ ಸಿಕ್ಕರೆ ಇದು ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಎಂಟು ತಿಂಗಳವರೆಗೂ ಉಳಿದ ದಾಖಲೆಯಿದೆ. ದೀಪಾವಳಿಗೆ ಖಾಲಿಯಾದ ಗೂಡಿಗೆ ಮುಂಗಾರಿಗೆ ಹೊಸ ಮರಿ ಬಿಟ್ಟರೂ ಹಳೆಯ ನುಸಿ ಕಾಯುತ್ತಿರಬಹುದು.

ಹಗಲಿನಲ್ಲಿ ಕೋಳಿಯನ್ನು ಹಿಡಿದು ಎಷ್ಟು ಗರಿ ಬಿಡಿಸಿ ನೋಡಿದರೂ ಕೆಂಪು ನುಸಿ ಸಿಗುವುದಿಲ್ಲ. ಕೋಳಿ ಬಿಳಿಚಿದೆ, ಮೈಯಲ್ಲಿ ಏನೂ ಇಲ್ಲ ಎಂದು ಮನೆಯವರು ಗೊಂದಲಕ್ಕೆ ಬೀಳುವುದು ಇದೇ ಕಾರಣಕ್ಕೆ. ಪರೀಕ್ಷೆ ರಾತ್ರಿ ಆಗಬೇಕು. ಊಟ ಮುಗಿಸಿ, ಎಂಟೊಂಬತ್ತು ಗಂಟೆಗೆ ಟಾರ್ಚ್ ಹಿಡಿದು ಗೂಡಿಗೆ ಹೋಗಿ. ಕೂರುವ ಕೋಲಿನ ಅಡಿಯನ್ನು, ಕೋಲು ಗೋಡೆಗೆ ತಾಗುವ ತುದಿಯನ್ನು ಒಂದು ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ. ಬಟ್ಟೆಯ ಮೇಲೆ ರಕ್ತದ ಗೀರು ಮೂಡಿದರೆ ಅನುಮಾನ ಉಳಿಯುವುದಿಲ್ಲ. ರಾತ್ರಿ ಹೋಗಲಾಗದವರು ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಸುರುಳಿ ಸುತ್ತಿ ಕೋಲಿನ ಅಡಿಗೆ ಕಟ್ಟಿ ಎರಡು ದಿನ ಬಿಡಲಿ. ರಟ್ಟಿನ ಒಳಗಿನ ಮಡಿಕೆಗಳು ನುಸಿಗೆ ಇಷ್ಟದ ಸಂದು. ಮೂರನೇ ದಿನ ಬಿಚ್ಚಿ ಬಿಳಿ ಬಟ್ಟಲಿಗೆ ಕೊಡವಿದರೆ ಓಡಾಡುವ ಚುಕ್ಕೆಗಳು ಕಾಣುತ್ತವೆ. ಆ ರಟ್ಟನ್ನು ಬಚ್ಚಲ ಒಲೆಗೆ ಹಾಕಿದರೆ ಅಷ್ಟು ನುಸಿಯೂ ಹೋಯಿತು. ಹಗಲಲ್ಲೇ ಕಾಣುವ ಗುರುತೊಂದಿದೆ: ಕೋಲಿನ ತುದಿಯಲ್ಲಿ, ಮೊಟ್ಟೆಯಿಡುವ ಬುಟ್ಟಿಯ ಅಂಚಿನಲ್ಲಿ ಉಪ್ಪು, ಕಾಳುಮೆಣಸಿನ ಪುಡಿ ಬೆರೆಸಿ ಉದುರಿಸಿದಂಥ ಬೂದು ಪುಡಿ. ಅದು ನುಸಿಗಳು ಕಳಚಿದ ಪೊರೆ ಮತ್ತು ಹಿಕ್ಕೆ.

ಹೇನಿನ ವಿಷಯಕ್ಕೆ ಬಂದರೆ ಎಲ್ಲವೂ ಇದಕ್ಕೆ ವಿರುದ್ಧ. ಹೇನು ಆರು ಕಾಲಿನ ನಿಜವಾದ ಕೀಟ. ಕೋಳಿಯ ಹೇನು ಮನುಷ್ಯರ ತಲೆಯ ಹೇನಿನಂತೆ ಚುಚ್ಚಿ ಹೀರುವುದಲ್ಲ, ಅಗಿದು ತಿನ್ನುವುದು. ಚರ್ಮದ ಹೊಟ್ಟು, ಗರಿಯ ಎಳೆ ಅದರ ಆಹಾರ. ಕೋಳಿಯ ಮೇಲೆ ಹಲವು ಜಾತಿಗಳಿವೆ, ಒಂದೊಂದಕ್ಕೂ ಮೈಯ ಒಂದೊಂದು ಭಾಗ ಪ್ರಿಯ: ಒಂದು ರೆಕ್ಕೆಯ ದೊಡ್ಡ ಗರಿಗಳ ನಡುವೆ, ಒಂದು ತಲೆ ಕತ್ತಿನಲ್ಲಿ, ಒಂದು ಗರಿಯ ಕಡ್ಡಿಯ ಉದ್ದಕ್ಕೆ. ಎಲ್ಲಕ್ಕಿಂತ ಹಾನಿ ಮಾಡುವುದು ಮೆನಕ್ಯಾಂಥಸ್ ಸ್ಟ್ರಾಮಿನಿಯಸ್ ಎಂಬ ಮೈಹೇನು. ಒಣಹುಲ್ಲಿನ ಬಣ್ಣ, ಮೂರು ಮಿಲಿಮೀಟರ್ ಉದ್ದ, ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಇದು ಚರ್ಮವನ್ನೂ ಎಳೆಯ ಗರಿಯ ಬುಡವನ್ನೂ ಕಡಿದು ಒಸರುವ ರಕ್ತವನ್ನೂ ಕುಡಿಯುತ್ತದೆ. ಕೋಳಿಯನ್ನು ಹಗಲಿನಲ್ಲೇ ಹಿಡಿದು, ಬಾಲದ ಕೆಳಗೆ ಮಲದ್ವಾರದ ಸುತ್ತಲಿನ ಗರಿಗಳನ್ನು ಪಟಕ್ಕನೆ ಬಿಡಿಸಿ ನೋಡಬೇಕು. ಬೆಳಕು ಬಿದ್ದ ಕ್ಷಣಕ್ಕೆ ಹೇನುಗಳು ಚೆದರಿ ಓಡುತ್ತವೆ. ಗರಿಯ ಬುಡದಲ್ಲಿ ಬಿಳಿಯ ಸೀರು ಗುಂಪಾಗಿ, ಅಂಟು ಹಾಕಿ ಮೆತ್ತಿದಂತೆ ಇರುತ್ತದೆ. ಕೋಳಿಯ ಮೈ ಬಿಟ್ಟರೆ ಹೇನು ಒಂದು ವಾರವೂ ಬದುಕದು.

ಸತ್ತ ಕೋಳಿಯ ಮೈ ತಣ್ಣಗಾಗುತ್ತಿದ್ದಂತೆ ಹೇನುಗಳು ಹೊರಡುತ್ತವೆ. ಕೋಳಿ ಅಂಕದಲ್ಲಿ ಸೋತ ಹುಂಜವನ್ನು ಕಾಲು ಕಟ್ಟಿ ಕೈಯಲ್ಲಿ ತೂಗಿಸಿಕೊಂಡು ಬಂದವರಿಗೆ, ಪದಾರ್ಥಕ್ಕೆಂದು ಪುಕ್ಕ ಕೀಳಲು ಕುಳಿತವರಿಗೆ ಮೊಣಕೈವರೆಗೆ ಏನೋ ಹರಿದಾಡಿದ ಅನುಭವ ಇದ್ದೇ ಇದೆ. ಹೆದರಬೇಕಾಗಿಲ್ಲ. ಕೋಳಿಹೇನು ಮನುಷ್ಯರ ಮೈಯಲ್ಲಿ ಸಂಸಾರ ಹೂಡುವುದಿಲ್ಲ, ಮಕ್ಕಳ ತಲೆಗೆ ಏರಿ ಉಳಿಯುವುದಿಲ್ಲ. ಕೈ ತೊಳೆದರೆ ಮುಗಿಯಿತು.

ಗೂಡಿನ ನುಸಿ, ಮೈಯ ಹೇನು ಎಂದು ಹೇಳುವಾಗ ಮೈಯಲ್ಲೇ ಇರುವ ನುಸಿಯೂ ಒಂದಿದೆ ಎಂಬುದನ್ನು ಮರೆಯಬಾರದು. ಬಿಸಿಲುನಾಡುಗಳ ಈ ಕೋಳಿನುಸಿ, ಆರ್ನಿತೊನಿಸಸ್ ಬರ್ಸಾ, ಮಲದ್ವಾರದ ಸುತ್ತ ಗರಿಗಳ ನಡುವೆ ಮೊಟ್ಟೆಯಿಟ್ಟು ಬದುಕುತ್ತದೆ, ಹಗಲಲ್ಲೂ ರಕ್ತ ಕುಡಿಯುತ್ತದೆ. ಆ ಭಾಗದ ಗರಿ ಮಸಿ ಮೆತ್ತಿದಂತೆ ಕಪ್ಪಾಗಿ, ಅಂಟಾಗಿ, ಚರ್ಮದ ಮೇಲೆ ಹಕ್ಕಳೆ ಕಟ್ಟುತ್ತದೆ. ಗುಬ್ಬಚ್ಚಿ, ಮೈನಾ, ಪಾರಿವಾಳಗಳ ಗೂಡುಗಳಲ್ಲೂ ಇದಿದೆ, ಅಲ್ಲಿಂದ ಕೋಳಿಗೆ ಬರುತ್ತದೆ. ನನಗೆ ಅತ್ಯಂತ ಕಳವಳ ಹುಟ್ಟಿಸುವುದು ಕಾವಿಗೆ ಕುಳಿತ ಹೇಂಟೆಯ ಸ್ಥಿತಿ. ಅದು 21 ದಿನ ಒಂದೇ ಬುಟ್ಟಿಯಲ್ಲಿ, ಒಂದೇ ಭಂಗಿಯಲ್ಲಿ, ತನ್ನ ಮೈಯ ಬಿಸಿ ಕೊಡುತ್ತ ಕುಳಿತಿರುತ್ತದೆ. ಆ 21 ದಿನಗಳಲ್ಲಿ ನುಸಿಯ ಎರಡು ಮೂರು ತಲೆಮಾರು ಹುಟ್ಟಿ ಬೆಳೆಯುತ್ತವೆ. ಹೇಂಟೆ ಮೇವಿಗೆಂದು ದಿನಕ್ಕೊಮ್ಮೆ ಎದ್ದು ಹೋಗಿ ಬರುತ್ತದೆ, ಮೊಟ್ಟೆಯ ಮೇಲಿನ ಮಮತೆಗೆ ಬುಟ್ಟಿ ಬಿಡುವುದಿಲ್ಲ, ಒಂದು ಹಂತದಲ್ಲಿ ತಾಳಲಾರದೆ ಎದ್ದು ಹೋಗಿಯೂ ಬಿಡುತ್ತದೆ. ಮೊಟ್ಟೆ ಕೊಳೆತಾಗ ನಾವು ಹೇಂಟೆಯನ್ನು ದೂರುತ್ತೇವೆ. ಹೊರಬಂದ ಮರಿಗಳ ಮೈಯಲ್ಲಿರುವ ರಕ್ತವೇ ಸ್ವಲ್ಪ, ಅದನ್ನೂ ನುಸಿ ಕುಡಿದರೆ ಮೂರ್ನಾಲ್ಕು ದಿನಕ್ಕೆ ಮರಿ ತೂಕಡಿಸಿ ಸಾಯುತ್ತದೆ. ಕಾವಿಗೆ ಕೂರಿಸುವಾಗ ಹಳೆಯ ಬುಟ್ಟಿ, ಹಳೆಯ ಬೈಹುಲ್ಲು ಬಳಸಲೇಬಾರದು. ಬುಟ್ಟಿಯನ್ನು ಕುದಿನೀರಲ್ಲಿ ಅದ್ದಿ ಬಿಸಿಲಿಗಿಟ್ಟು, ಒಣ ಉಮಿ ಅಥವಾ ಹೊಸ ಹುಲ್ಲು ಹಾಸಿ, ಹೇಂಟೆಯ ಮೈ ನೋಡಿ, ಅಗತ್ಯವಿದ್ದರೆ ಕಾವಿಗೆ ಮೊದಲೇ ಔಷಧಿ ಮುಗಿಸಿ ಕೂರಿಸಬೇಕು.

ಕಾಲಿನ ನುಸಿಯನ್ನು ಗುರುತಿಸಲು ಟಾರ್ಚೂ ಬೇಡ, ಭೂತಗನ್ನಡಿಯೂ ಬೇಡ. ಮುದಿ ಕೋಳಿಗಳ ಕಾಲಿನ ಚಿಪ್ಪುಗಳು ಎದ್ದು, ನಡುವೆ ಸುಣ್ಣದಂಥ ಹಕ್ಕಳೆ ಕಟ್ಟಿ, ಕಾಲು ದಪ್ಪಗೆ ಒರಟಾಗಿ ಕಂಡರೆ ಅದೇ. ಅದನ್ನು ವಯಸ್ಸಿನ ಲಕ್ಷಣ ಎಂದು ಬಿಟ್ಟುಬಿಡುವುದೇ ನಮ್ಮಲ್ಲಿ ರೂಢಿ. ಚಿಪ್ಪಿನ ಅಡಿಯಲ್ಲಿ ನುಸಿ ಸುರಂಗ ಕೊರೆದು ಬದುಕುತ್ತಿರುತ್ತದೆ. ಕೋಳಿಗೆ ಸದಾ ತುರಿಕೆ, ನೋವು. ಬಹಳ ಕಾಲ ಬಿಟ್ಟರೆ ಕುಂಟುತ್ತದೆ, ಬೆರಳು ಉದುರುವುದೂ ಉಂಟು.

ಇನ್ನೊಂದು ಪೀಡೆ ಕೋಳಿ ಉಣುಗು, ಆರ್ಗಸ್ ಪರ್ಸಿಕಸ್. ಬೂದು ಬಣ್ಣದ, ಚರ್ಮದಂಥ ಮೈಯ, ಒಂದು ಸೆಂಟಿಮೀಟರ್‌ವರೆಗೆ ಬೆಳೆಯುವ ಚಪ್ಪಟೆ ಜೀವಿ. ಒಣಹವೆಯ ಊರುಗಳಲ್ಲಿ ಇದರ ಕಾಟ ಹೆಚ್ಚು. ಇಲ್ಲಿ ಮಾಡಿನ ಪಕ್ಕಾಸು, ರೀಪುಗಳ ಸಂದಿನಲ್ಲಿ ಹುಡುಕಬೇಕು. ಕೋಳಿಗೆ ಸ್ಪೈರೋಕೀಟ್ ಜ್ವರ ಹರಡುವುದರಿಂದ ಸಂಖ್ಯೆ ಸ್ವಲ್ಪವಿದ್ದರೂ ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಉಣುಗು ಎಂದೊಡನೆ ನಮ್ಮ ಕಡೆಯವರಿಗೆ ಮಂಗನ ಕಾಯಿಲೆಯ ನೆನಪಾಗಿ ಎದೆ ಝಲ್ಲೆನ್ನುವುದು ಸಹಜ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಆ ಜ್ವರವನ್ನು ಮುಖ್ಯವಾಗಿ ಹರಡುವುದು ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಗಟ್ಟಿಮೈಯ ಉಣುಗು. ಕೋಳಿಗೂಡಿನ ಉಣುಗು ಬೇರೆಯೇ ಕುಟುಂಬದ್ದು.

ಈಗ ಮದ್ದಿನ ಮಾತು. ಕೆಂಪು ನುಸಿಯಾದರೆ ಗೂಡಿನ ಕೆಲಸವೇ ಮುಕ್ಕಾಲು ಪಾಲು. ಬಿಸಿಲಿರುವ ದಿನ ನೋಡಿ ಕೋಳಿಗಳನ್ನು ಹೊರಬಿಟ್ಟು, ಹಾಸಿದ ಉಮಿ, ಮರದ ಹುಡಿ, ಬೈಹುಲ್ಲನ್ನು ಪೂರ್ತಿ ಗುಡಿಸಿ ತೆಗೆದು ದೂರದಲ್ಲಿ ಸುಡಬೇಕು. ತೆಂಗಿನ ಬುಡಕ್ಕೆ ಗೊಬ್ಬರವಾಗಲಿ ಎಂದು ಗೂಡಿನ ಪಕ್ಕದಲ್ಲೇ ರಾಶಿ ಹಾಕಿದರೆ ರಾತ್ರಿಗೆ ನುಸಿ ನಡೆದು ವಾಪಸಾಗುತ್ತದೆ. ಕೂರುವ ಕೋಲು, ಬುಟ್ಟಿ, ಹಲಗೆ ಎಲ್ಲವನ್ನೂ ಬಿಚ್ಚಿ ಹೊರಗೆ ತೆಗೆಯಿರಿ. ಬಚ್ಚಲ ಹಂಡೆಯ ನೀರನ್ನು ಕುದಿಸಿ ತಂದು ಪ್ರತಿ ಸಂದಿಗೂ ಸುರಿಯಿರಿ. ನುಸಿಗೆ 45 ಡಿಗ್ರಿಗಿಂತ ಹೆಚ್ಚಿನ ಬಿಸಿ ತಡೆಯುವುದಿಲ್ಲ, ಕುದಿನೀರು ತಾಗಿದಲ್ಲಿ ಮೊಟ್ಟೆ ಸಮೇತ ಸಾಯುತ್ತದೆ. ಇದಕ್ಕಿಂತ ಅಗ್ಗದ, ಮೊಟ್ಟೆಯಲ್ಲಿ ವಿಷ ಉಳಿಸದ ಮದ್ದು ಬೇರೆ ಇಲ್ಲ. ಕುದಿನೀರು ತಾಗದ ಜಾಗಕ್ಕೆ ಪಶುವೈದ್ಯರು ಹೇಳಿದ ಡೆಲ್ಟಾಮೆಥ್ರಿನ್‌ನಂಥ ದ್ರಾವಣವನ್ನು, ಬಾಟಲಿಯ ಚೀಟಿಯಲ್ಲಿ ಬರೆದ ಪ್ರಮಾಣ ಮೀರದೆ, ಖಾಲಿ ಗೂಡಿಗೆ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆಯೇ ಕೋಳಿ ಬಿಡಬೇಕು. ಮುರಕಲ್ಲಿನ ಗೋಡೆಗೆ ಒಮ್ಮೆ ಖರ್ಚು ಮಾಡಿ ಸಿಮೆಂಟ್ ಗಿಲಾಯಿ ಮಾಡಿಸುವುದು ಹತ್ತು ವರ್ಷ ಔಷಧಿ ಹೊಡೆಯುವುದಕ್ಕಿಂತ ಲೇಸು. ಅದಾಗದಿದ್ದರೆ ದಪ್ಪ ಸುಣ್ಣ ಬಳಿದು ತೂತು ಮುಚ್ಚಿ.

ಕೋಲಿನ ವಿಷಯದಲ್ಲಿ ಒಂದು ಸುಲಭದ ಉಪಾಯವಿದೆ. ಕೋಲನ್ನು ಗೋಡೆಗೆ ಸಿಕ್ಕಿಸದೆ, ನಾಲ್ಕು ಕಾಲಿನ ಚೌಕಟ್ಟಿನ ಮೇಲೆ, ಗೋಡೆಗೆ ಎಲ್ಲೂ ತಾಗದಂತೆ ಗೂಡಿನ ನಡುವೆ ನಿಲ್ಲಿಸಿ. ಪ್ರತಿ ಕಾಲನ್ನೂ ಒಂದೊಂದು ಗೆರಟೆಯಲ್ಲಿ ಇಟ್ಟು, ಗೆರಟೆಗೆ ಸ್ವಲ್ಪ ಹಳೆಯ ಎಣ್ಣೆ ಹೊಯ್ಯಿರಿ. ಕೋಳಿ ಕಾಲಿಡದಂತೆ ಮೇಲೆ ಹಾಳೆಯ ತುಂಡೊಂದನ್ನು ಮುಚ್ಚಿದರಾಯಿತು. ರಾತ್ರಿ ಗೋಡೆಯಿಂದ ಇಳಿದು ಬರುವ ನುಸಿಗೆ ಕೋಳಿಯ ಬಳಿ ಹೋಗಲು ದಾರಿಯೇ ಇರುವುದಿಲ್ಲ. ಗೂಡನ್ನು ಒಂದು ಸಲ ಶುಚಿ ಮಾಡಿದರೆ ಸಾಲದು. ಉಳಿದ ಮೊಟ್ಟೆಗಳು ಒಡೆದು ಹೊಸ ನುಸಿ ಬೆಳೆಯುವ ಮೊದಲು, ಅಂದರೆ ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಬೇಕು. ಮೊದಲನೇ ಸಲ ಎಲ್ಲರೂ ಹುರುಪಿನಿಂದ ಮಾಡುತ್ತಾರೆ, ಗೆಲುವು ನಿಂತಿರುವುದು ಮೂರನೆಯದರ ಮೇಲೆ.

ಹೇನಿಗೂ ಮಲದ್ವಾರದ ನುಸಿಗೂ ಕೋಳಿಯ ಮೈಗೇ ಮದ್ದು. ಪಶುವೈದ್ಯರು ಕೊಡುವ ಪರ್ಮೆಥ್ರಿನ್ ಪುಡಿಯನ್ನು ರಾತ್ರಿ ಕೋಳಿ ಶಾಂತವಾಗಿ ಕುಳಿತಿರುವಾಗ ಒಂದೊಂದನ್ನೇ ಹಿಡಿದು, ತಲೆ ಕೆಳಗಾಗಿಸದೆ, ರೆಕ್ಕೆಯ ಅಡಿಗೆ, ಬಾಲದ ಬುಡಕ್ಕೆ, ಮಲದ್ವಾರದ ಸುತ್ತ, ಎದೆಗೆ ಚರ್ಮ ಮುಟ್ಟುವಂತೆ ಉಜ್ಜಬೇಕು. ಬೆನ್ನ ಮೇಲೆ ಉದುರಿಸಿದ ಪುಡಿ ಗಾಳಿಗೆ ಹೋಗುತ್ತದೆ ಅಷ್ಟೇ. ಹಿಂಡಿನ ಎಲ್ಲ ಕೋಳಿಗೂ ಒಂದೇ ರಾತ್ರಿ ಆಗಬೇಕು, ಮರದ ಮೇಲೆ ಮಲಗುವ ಹುಂಜವನ್ನು ಬಿಟ್ಟರೆ ಹೇನು ಅದರ ಮೈಯಿಂದ ಮತ್ತೆ ಹಿಂಡಿಗೆ ಬರುತ್ತದೆ. ಪುಡಿ ಸೀರನ್ನು ಕೊಲ್ಲುವುದಿಲ್ಲ. ಸೀರು ಒಡೆಯಲು ನಾಲ್ಕರಿಂದ ಏಳು ದಿನ ಬೇಕು. ಹಾಗಾಗಿ ಏಳರಿಂದ ಹತ್ತು ದಿನದೊಳಗೆ ಎರಡನೇ ಸಲ ಹಾಕಲೇಬೇಕು.

ಕಾಲಿನ ನುಸಿಗೆ ತಾಳ್ಮೆಯೇ ಮದ್ದು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹತ್ತು ನಿಮಿಷ ಕಾಲು ಅದ್ದಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಮೆಲ್ಲನೆ ತಿಕ್ಕಿ, ಒರೆಸಿ, ತೆಂಗಿನೆಣ್ಣೆಗೆ ಗಂಧಕದ ಪುಡಿ ಕಲಸಿ ದಪ್ಪಗೆ ಹಚ್ಚಬೇಕು. ಎಣ್ಣೆ ಸುರಂಗ ಮುಚ್ಚಿ ನುಸಿಯ ಉಸಿರು ಕಟ್ಟಿಸುತ್ತದೆ. ವಾರಕ್ಕೆರಡು ಸಲದಂತೆ ತಿಂಗಳಿಡೀ ಮಾಡಿದರೆ ಹೊಸ ಚಿಪ್ಪು ಬರುತ್ತದೆ. ಎದ್ದ ಚಿಪ್ಪನ್ನು ಉಗುರಿನಿಂದ ಕೀಳುವುದು ಕ್ರೌರ್ಯ, ರಕ್ತ ಬಂದು ಹುಣ್ಣಾಗುತ್ತದೆ. ಸೀಮೆಎಣ್ಣೆಯಲ್ಲಿ ಕಾಲು ಅದ್ದಿಸುವ ಪದ್ಧತಿ ಹಿಂದೆ ಇತ್ತು. ಅದು ಚರ್ಮ ಸುಡುತ್ತದೆ, ಬಿಟ್ಟುಬಿಡಿ. ತೀರಾ ಹೆಚ್ಚಾಗಿದ್ದರೆ ಐವರ್ಮೆಕ್ಟಿನ್ ಕೊಡಬೇಕೇ, ಎಷ್ಟು, ಆಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಜಾನುವಾರುಗಳಿಗಿರುವ 1962 ಸಂಖ್ಯೆಗೆ ಫೋನ್ ಮಾಡಲು ಕೋಳಿ ಸಾಕುವವರು ಹಿಂಜರಿಯುತ್ತಾರೆ, ದನಕ್ಕಾದರೆ ಸರಿ, ಕೋಳಿಗೆ ಯಾರು ಬರುತ್ತಾರೆ ಎಂದು. ಆ ಸಂಕೋಚ ಬೇಡ. 2019ರ ಜಾನುವಾರು ಗಣತಿಯಲ್ಲಿ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ಅವು ಶೇ. 46ರಷ್ಟು ಹೆಚ್ಚಿವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ, ಸ್ವರ್ಣಧಾರ ತಳಿಗಳು ರೂಪುಗೊಂಡದ್ದೇ ಇಂಥ ಹಿತ್ತಲುಗಳಿಗಾಗಿ.

ಮನೆಮದ್ದುಗಳ ಬಗ್ಗೆ ನನಗೆ ಗೌರವವಿದೆ, ಆದರೆ ಎಲ್ಲದರ ಬಗ್ಗೆ ಒಂದೇ ಸಮನೆ ಅಲ್ಲ. ಕಾವಿನ ಬುಟ್ಟಿಗೆ ಲಕ್ಕಿ ಸೊಪ್ಪು ಹಾಕುವ ಕ್ರಮ ಒಳ್ಳೆಯದು. ಅದರ ಘಾಟು ಕೀಟಗಳನ್ನು ದೂರವಿಡುತ್ತದೆ, ಕೋಳಿಗೆ ಕೇಡಿಲ್ಲ. ಆದರೆ ಈಗಾಗಲೇ ತುಂಬಿರುವ ನುಸಿಯನ್ನು ಅದು ಓಡಿಸಲಾರದು. ಒಲೆಯ ಬೂದಿ ನಿಜಕ್ಕೂ ಕೆಲಸ ಮಾಡುತ್ತದೆ, ಅದರ ಮಾತಿಗೆ ಮುಂದೆ ಬರುತ್ತೇನೆ. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದು ಹೌದು, ಕಣ್ಣಿಗೆ ಬಿದ್ದರೆ ಕಣ್ಣನ್ನೂ ಹಾಳುಮಾಡುತ್ತದೆ, ಕೋಳಿಯದ್ದನ್ನೂ ನಿಮ್ಮದನ್ನೂ. ಬೀಡಿ ಕಟ್ಟುವ ಮನೆಗಳಲ್ಲಿ ಸುಲಭವಾಗಿ ಸಿಗುವ ಹೊಗೆಸೊಪ್ಪಿನ ಪುಡಿಯೂ ಹಾಗೆಯೇ. ಅದರಲ್ಲಿರುವ ನಿಕೋಟಿನ್ ಹೇನಿಗಿರುವಷ್ಟೇ ಕೋಳಿಗೂ ವಿಷ, ಮರಿಗಳ ಬಳಿ ತರಲೇಬಾರದು.

ಎಲ್ಲಕ್ಕಿಂತ ನನ್ನನ್ನು ಹೆದರಿಸುವುದು ತೋಟದ ಔಷಧಿ. ಕಾಪು ತಾಲ್ಲೂಕಿನ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ಮನೆಯೆಂದರೆ ಸಿಂಪಡಿಸುವ ಬಾಟಲಿ ಇರುವ ಮನೆ. ಗಿಡದ ನುಸಿಗೆ ಹಾಕುವ ನೀರಲ್ಲಿ ಕರಗುವ ಗಂಧಕವೂ ಅಲ್ಲಿ ಇರಬಹುದು, ಹುಳಕ್ಕೆ ಹಾಕುವ ಘೋರ ವಿಷವೂ ಇರಬಹುದು. ಗಿಡದ ನುಸಿ ಸತ್ತರೆ ಕೋಳಿಯ ನುಸಿಯೂ ಸಾಯುತ್ತದೆ ಎಂಬ ತರ್ಕದಲ್ಲಿ ಯಾರೋ ಕೈಗೆ ಸಿಕ್ಕಿದ್ದನ್ನು ಗೂಡಿಗೆ ಹೊಡೆಯುತ್ತಾರೆ. ನುಸಿ ಸಾಯುತ್ತದೆ. ವಿಷ ಕೋಳಿಯ ಕೊಬ್ಬಿಗೆ ಹೋಗುತ್ತದೆ, ಅಲ್ಲಿಂದ ಮೊಟ್ಟೆಯ ಹಳದಿಗೆ, ಅಲ್ಲಿಂದ ಮಗುವಿನ ತಟ್ಟೆಗೆ. 2017ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ ನಡೆದದ್ದು ಇದೇ. ಕೆಂಪು ನುಸಿಗೆಂದು ಮಾರಿದ, ಸಸ್ಯದ ಎಣ್ಣೆಯದ್ದೆಂದು ಹೇಳಿದ ದ್ರಾವಣದಲ್ಲಿ ಫಿಪ್ರೋನಿಲ್ ಬೆರೆತಿತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಬಳಸುವಂತೆಯೇ ಇರಲಿಲ್ಲ. ನೂರಾರು ಫಾರ್ಮ್‌ಗಳು ಮುಚ್ಚಿದವು, ಕೋಟಿಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆದರು. ಅಲ್ಲಿ ಪ್ರಯೋಗಾಲಯಗಳು ಅದನ್ನು ಹಿಡಿದವು. ನಮ್ಮ ಹಿತ್ತಲಿನ ಮೊಟ್ಟೆಯನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸುವುದಿಲ್ಲ. ಅದೇ ಫಿಪ್ರೋನಿಲ್ ನಮ್ಮ ಗೊಬ್ಬರದಂಗಡಿಯಲ್ಲಿ ಭತ್ತದ ಹುಳಕ್ಕೆ, ಔಷಧಿಯಂಗಡಿಯಲ್ಲಿ ನಾಯಿಯ ಚಿಗಟಕ್ಕೆ ಸಿಗುತ್ತದೆ. ನಾಯಿಗೆ ಹಾಕಿ ಉಳಿದದ್ದನ್ನು ಕೋಳಿಗೆ ಹಾಕಬೇಡಿ.

ಕೀಟ ಮನೆಗೆ ಬರುವ ದಾರಿಗಳಲ್ಲಿ ಮುಖ್ಯವಾದದ್ದು ಹೊಸ ಕೋಳಿ. ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಸಲ, ಸುಗ್ಗಿ, ಆಟಿ, ಜಾರ್ದೆಯಲ್ಲಿ ಮಾರಿಪೂಜೆ ನಡೆಯುವಾಗ ಊರೂರಿನ ಕೋಳಿಗಳು ಒಂದೆಡೆ ಸೇರುತ್ತವೆ. ಬುಟ್ಟಿಯಲ್ಲಿ ಒತ್ತೊತ್ತಾಗಿ ಇಟ್ಟು ಮಾರುವ ಹತ್ತು ಹಿತ್ತಲಿನ ಕೋಳಿಗಳ ನಡುವೆ ಹೇನು ಒಂದರಿಂದ ಇನ್ನೊಂದಕ್ಕೆ ದಾಟಲು ಹೆಚ್ಚು ಹೊತ್ತು ಬೇಡ. ಹರಕೆಗೆಂದು ತಂದ ಹುಂಜ ಪೂಜೆಯವರೆಗೆ ಮನೆಯ ಗೂಡಿನಲ್ಲೇ ಉಳಿಯುವುದುಂಟು, ಚೆನ್ನಾಗಿದೆಯೆಂದು ಸಾಕಲು ಕೊಂಡ ಹೇಂಟೆ ಅದೇ ರಾತ್ರಿ ಹಿಂಡು ಸೇರುವುದುಂಟು. ಹೊಸತನ್ನು ಎರಡರಿಂದ ಮೂರು ವಾರ ಬೇರೆ ಪಂಜರದಲ್ಲಿಟ್ಟು, ಬಾಲದಡಿ ಮತ್ತು ಕಾಲು ನೋಡಿ, ಪುಡಿ ಹಾಕಿ, ಹತ್ತು ದಿನಕ್ಕೆ ಮತ್ತೆ ಹಾಕಿ ಬಿಟ್ಟರೆ ವರ್ಷವಿಡೀ ನೆಮ್ಮದಿ. ತಂದ ಬುಟ್ಟಿಯನ್ನು ಗೂಡಿನ ಹತ್ತಿರ ಬಿಸಾಡಬಾರದು, ನುಸಿ ಬುಟ್ಟಿಯ ಹೆಣಿಗೆಯಲ್ಲೂ ಬರುತ್ತದೆ.

ಮಣಿಪಾಲದ ಫ್ಲಾಟುಗಳಲ್ಲಿ ಕೋಳಿ ಇಲ್ಲ, ಆದರೆ ನುಸಿ ಬರಬಹುದು. ಎ.ಸಿ. ಪೆಟ್ಟಿಗೆಯ ಹಿಂದೆ, ಕಿಟಕಿಯ ಸಜ್ಜದ ಮೇಲೆ ಪಾರಿವಾಳ ಗೂಡು ಕಟ್ಟಿ, ಮರಿ ಹಾರಿಹೋದ ಮೇಲೆ ಹಸಿದ ನುಸಿಗಳು ಕಿಟಕಿಯ ಸಂದಿನಿಂದ ಹಾಸಿಗೆಗೆ ಬರುತ್ತವೆ. ಬೆಳಗ್ಗೆ ಎದ್ದಾಗ ಕತ್ತು, ತೋಳು, ಸೊಂಟದಲ್ಲಿ ಕೆಂಪು ಗುಳ್ಳೆ, ವಿಪರೀತ ತುರಿಕೆ. ಹಳ್ಳಿಯಲ್ಲಿ ಕೋಳಿಗೂಡು ಮಲಗುವ ಕೋಣೆಯ ಗೋಡೆಗೆ ತಾಗಿದ್ದರೂ ಹೀಗೇ ಆಗುತ್ತದೆ. ಇದನ್ನು ಕಜ್ಜಿ ಎಂದುಕೊಂಡು ಮನೆಮಂದಿಯೆಲ್ಲ ಮುಲಾಮು ಹಚ್ಚಿಕೊಂಡರೂ ಗುಣವಾಗದೆ ಕಂಗಾಲಾಗುವವರಿದ್ದಾರೆ. ಕಜ್ಜಿಯ ನುಸಿ ನಮ್ಮ ಚರ್ಮದೊಳಗೆ ಸುರಂಗ ಕೊರೆದು ಸಂತಾನ ಬೆಳೆಸುತ್ತದೆ. ಹಕ್ಕಿಯ ನುಸಿ ಕಚ್ಚಿ ಹೋಗುತ್ತದೆ, ನಮ್ಮ ಮೈಯಲ್ಲಿ ನೆಲೆ ನಿಲ್ಲದು. ಗೂಡು ತೆಗೆದು ಸಜ್ಜವನ್ನು ತೊಳೆದರೆ ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ. ಚರ್ಮದ ವೈದ್ಯರ ಬಳಿ ಹೋದಾಗ ಮನೆಯಲ್ಲಿ ಕೋಳಿ ಇದೆ, ಕಿಟಕಿಯಲ್ಲಿ ಪಾರಿವಾಳವಿದೆ ಎಂದು ನೀವಾಗಿ ಹೇಳಿ. ಕೇಳದಿದ್ದರೂ ಹೇಳಿ.

ಕೊನೆಗೆ ಬೂದಿ ಮತ್ತು ಮಣ್ಣು. ಆರೋಗ್ಯವಂತ ಕೋಳಿ ಒಣಮಣ್ಣಿನಲ್ಲಿ ಗುಳಿ ತೋಡಿ, ಹೊರಳಾಡಿ, ಗರಿಯ ಬುಡದವರೆಗೆ ದೂಳು ತುಂಬಿಸಿ, ಎದ್ದು ಕೊಡವಿಕೊಳ್ಳುತ್ತದೆ. ಆಮೇಲೆ ಕೊಕ್ಕಿನಿಂದ ಗರಿ ಗರಿ ತೀಡುತ್ತದೆ. ಇವೆರಡೂ ಹೇನಿನ ವಿರುದ್ಧ ಅದಕ್ಕೆ ಹುಟ್ಟಿನಿಂದ ಬಂದ ಆಯುಧಗಳು. ಕೊಕ್ಕು ಕತ್ತರಿಸಿದ ಫಾರ್ಮ್ ಕೋಳಿಗಳ ಮೈಯಲ್ಲಿ ಹೇನು, ನುಸಿ ಹೆಚ್ಚಿರುವುದನ್ನು ಅಧ್ಯಯನಗಳು ತೋರಿಸಿವೆ. ನಮ್ಮ ಊರಕೋಳಿಯ ಕೊಕ್ಕು ಪೂರ್ತಿ ಇದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಹೊರಳಲು ಹಿಡಿ ಒಣಮಣ್ಣು ಸಿಗುವುದಿಲ್ಲ. ಕೀಟಗಳು ಬೆಳೆಯುವ ಕಾಲವೂ, ಕೋಳಿ ಆಯುಧ ಕಳೆದುಕೊಳ್ಳುವ ಕಾಲವೂ ಒಂದೇ. ಕರಾವಳಿಯಲ್ಲಿ ಹೇನಿನ ಕಾಟ ಮಳೆಗಾಲದಲ್ಲಿ ಏರುವುದಕ್ಕೆ ಇದು ದೊಡ್ಡ ಕಾರಣವೆಂದು ನನ್ನ ಖಚಿತ ಅಭಿಪ್ರಾಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್‌ನ ಕೀಟತಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಳಿಗಳಿಗೆ ಹೊರಳಾಡಲು ಪೆಟ್ಟಿಗೆಯಿಟ್ಟು ಅದರ ಮರಳಿಗೆ ಗಂಧಕದ ಪುಡಿ ಬೆರೆಸಿದಾಗ ಕೆಲವೇ ವಾರಗಳಲ್ಲಿ ನುಸಿ, ಹೇನು ಬಹುತೇಕ ಇಲ್ಲವಾದವು. ಪೆಟ್ಟಿಗೆಗೆ ಇಳಿಯದ ಕೋಳಿಗಳ ಮೈಯಲ್ಲೂ ಕಡಿಮೆಯಾದವು.

ಇಂಥ ಪೆಟ್ಟಿಗೆಗೆ ತಯಾರಿ ಪತ್ತನಾಜೆಗೆ ಮೊದಲು ಆಗಬೇಕು, ಅಂದರೆ ಮೇ ತಿಂಗಳ ಮೂರನೇ ವಾರದೊಳಗೆ. ಕಟ್ಟಿಗೆ ಒಟ್ಟುವ, ಹೆಂಚು ಸರಿಪಡಿಸುವ ಆ ದಿನಗಳಲ್ಲೇ ಎರಡು ಚೀಲ ಒಣಮಣ್ಣನ್ನು ಜರಡಿ ಹಿಡಿದು ಎತ್ತಿಡಿ. ಜೊತೆಗೆ ಒಂದು ಚೀಲ ಒಲೆಯ ಬೂದಿ; ಅದು ಪ್ಲಾಸ್ಟಿಕ್, ಬಣ್ಣ ಹಚ್ಚಿದ ಮರ ಸುಟ್ಟದ್ದಾಗಿರಬಾರದು. ಕೊಟ್ಟಿಗೆಯ ಮಾಡಿನಡಿ, ಇರಚಲು ಬಡಿಯದ ಮೂಲೆಯಲ್ಲಿ ಎರಡು ಅಡಿ ಅಗಲದ ಹಳೆಯ ಟಯರನ್ನೋ ಮರದ ಪೆಟ್ಟಿಗೆಯನ್ನೋ ಇಟ್ಟು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೂದಿ, ಸಿಕ್ಕರೆ ಒಂದೆರಡು ಹಿಡಿ ಗಂಧಕದ ಪುಡಿ ಬೆರೆಸಿ ಅರ್ಧ ಅಡಿ ತುಂಬಿಸಿ. ನೆನೆದರೆ ಬೂದಿ ಖಾರವಾಗಿ ಚರ್ಮ ಸುಡುವುದರಿಂದ ಒಣಗಿರುವುದು ಮುಖ್ಯ. ತೇವ ಹಿಡಿದದ್ದನ್ನು ತೆಗೆದು ಎತ್ತಿಟ್ಟ ಚೀಲದಿಂದ ಹೊಸತು ಹಾಕಿ. ಇಟ್ಟ ಮಾರನೆಯ ದಿನವೇ ಮೊದಲ ಹೇಂಟೆ ಅದರೊಳಗೆ ಇಳಿಯುತ್ತದೆ, ಉಳಿದವು ಸರದಿಯಲ್ಲಿ ನಿಲ್ಲುತ್ತವೆ.